ಜೀಪಿನ ಉಪಕಾರ

ಸುಕನ್ಯಾ ಶಾಲೆಯಲ್ಲಿ ಆ ಪದ್ಧತಿ ಶುರುಮಾಡಿದ್ದು ಮೇಲಿನವರ ಆದೇಶದಿಂದಲ್ಲ. ಹತ್ತು ವರ್ಷದಿಂದ ಅವಳು ಸಿಂಧನೂರಿನಿಂದ ಜವಳಗೇರಾ ಕಡೆಯ ಶಾಲೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಒಂದು ಬೆಳಿಗ್ಗೆ ಮೊಬೈಲಿನ ಚಾರ್ಜ್ ಮುಗಿದು ಕಿಟಕಿಯಾಚೆ ನೋಡಿದಾಗ, ರಸ್ತೆಯ ಎರಡೂ ಕಡೆ ಭತ್ತದ ನಾಟಿ ಮುಗಿದು ಗದ್ದೆಗಳೆಲ್ಲ ಹಸಿರಾಗಿ ನಿಂತಿದ್ದವು. ನಾಟಿ ಯಾವಾಗ ಆಯಿತು? ದಿನಕ್ಕೆರಡು ಸಲ ಇದೇ ದಾರಿಯಲ್ಲಿ ಹೋಗಿದ್ದಳು, ಬಂದಿದ್ದಳು. ಒಬ್ಬಳೇ ಒಬ್ಬ ಹೆಣ್ಣಾಳು ಬಗ್ಗಿ ಸಸಿ ಹಚ್ಚಿದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಕೂಲಿ ಮಾಡಿದವರ ಮಗಳು ತಾನು ಅನ್ನುವುದು ನೆನಪಾಗಿ ಅವಳಿಗೆ ನಾಚಿಕೆಯೂ ಆಯಿತು, ಸಣ್ಣ ಹೆದರಿಕೆಯೂ ಆಯಿತು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಐದನೆಯ ತರಗತಿಯ ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂರಿಸಿ ಎರಡು ಪ್ರಶ್ನೆ ಕೇಳಿದಳು. ನಿನ್ನೆ ನೀವು ಬೆರಗಿನಿಂದ ನೋಡಿದ್ದು ಏನು? ನಿನ್ನೆ ನಿಮಗೆ ಯಾರಿಂದ ಉಪಕಾರವಾಯಿತು?

ಮೊದಮೊದಲು ಮಕ್ಕಳು ಟೀಚರಿಗೆ ಹಿಡಿಸುವ ಉತ್ತರ ಹುಡುಕಿದರು. ಚಂದ್ರ ನೋಡಿದೆವು, ದೇವರಿಂದ ಉಪಕಾರವಾಯಿತು ಎಂದರು. ತಿಂಗಳು ಕಳೆಯುವಷ್ಟರಲ್ಲಿ ಉತ್ತರಗಳು ಬದಲಾದವು.

"ಟ್ರ್ಯಾಕ್ಟರ್ ಕೆಸರು ಹೊಡಿಯೂವಾಗ ಬೆಳ್ಳಕ್ಕಿ ಅದರ ಹಿಂದ ಸಾಲಾಗಿ ಬರ್ತಾವ್ರಿ," ಎಂದಳು ಅಮರೇಶ್ವರಿ ಎಂಬ ಹುಡುಗಿ. "ಕೂಲಿ ಆಳಿನಂಗ. ಮುಂದಿಂದು ನಿಂತ್ರ ಎಲ್ಲಾ ನಿಲ್ತಾವ್ರಿ."

ಇನ್ನೊಬ್ಬಳು ತನ್ನ ತಾಯಿ ಬೇರೆ ಕಡೆ ನೋಡಿ ಮಾತಾಡುತ್ತಲೇ ಅಕ್ಕಿಯೊಳಗಿನ ಹಳ್ಳು ತೆಗೆಯುತ್ತಾಳೆ ಎಂದಳು. ಒಂದು ದಿನ ಮೂರು ಮಕ್ಕಳು ಬಿಸಿಯೂಟದ ಅಡುಗೆಯವಳ ಹೆಸರು ಹೇಳಿದರು. ಅವಳು ಅಡುಗೆ ಕೋಣೆಯ ಬಾಗಿಲಲ್ಲೇ ಇದ್ದಳು. ಸೌಟು ಹಿಡಿದುಕೊಂಡು ಸುಮ್ಮನೆ ಒಳಗೆ ಹೋದಳು. ಆ ದಿನದ ಸಾರು ರುಚಿಯಾಗಿತ್ತೆಂದು ಮುಖ್ಯೋಪಾಧ್ಯಾಯರೂ ಹೇಳಿದರು.

ಹುರುಪುಗೊಂಡ ಸುಕನ್ಯಾ ಆ ಪದ್ಧತಿಯನ್ನು ಮನೆಗೂ ತಂದಳು. ಸಿಂಧನೂರಿನ ಬಾಡಿಗೆ ಮನೆಯಲ್ಲಿ ಅವಳು, ಒಂಬತ್ತು ವರ್ಷದ ಮಗಳು ಜಯಶ್ರೀ, ತಾಯಿ ಜೋಗಮ್ಮ ಮೂವರೇ ಇದ್ದರು. ಗಂಡ ಶಿವರಾಜ ಲಿಂಗಸುಗೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದು ಶನಿವಾರ ಬರುತ್ತಿದ್ದ. ಊಟಕ್ಕೆ ಕೂತಾಗ ಒಬ್ಬೊಬ್ಬರಾಗಿ ಹೇಳಬೇಕು ಎಂದಾಯಿತು.

"ಅಜ್ಜಿ ನನ್ನ ಜಡಿ ಒಂದ ಕೈಲೆ ಹಾಕ್ತಾಳ," ಎಂದಳು ಜಯಶ್ರೀ. "ಒಂದು ಎಳಿ ಹಲ್ಲಾಗ ಕಚ್ಚಿ ಹಿಡೀತಾಳ. ಇನ್ನೊಂದು ನನ್ನ ಕೈಯಾಗ ಕೊಡ್ತಾಳ. ನಮ್ಮ ಕ್ಲಾಸಿನಾಗ ನನ್ನ ಜಡೀನ ಬಿಗಿ."

ಜೋಗಮ್ಮನ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಮೂವತ್ತು ವರ್ಷದ ಹಿಂದೆ, ಸುಕನ್ಯಾ ಐದು ವರ್ಷದವಳಿದ್ದಾಗ, ಮುಕ್ಕುಂದದ ಗೌಡರ ಹೊಲದಲ್ಲಿ ಜೋಳದ ರಾಶಿ ಮಾಡುವ ಮಷೀನಿಗೆ ತೆನೆ ಒಡ್ಡುವಾಗ ಸಿಕ್ಕಿಕೊಂಡು ಹೋಗಿತ್ತು. ಉಳಿದ ಎಡಗೈಯಲ್ಲೇ ಅವಳು ರೊಟ್ಟಿ ಬಡಿಯುತ್ತಿದ್ದಳು, ಬಟ್ಟೆ ಹಿಂಡುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತಿದ್ದಳು. ಹುಟ್ಟಿದಾಗಿನಿಂದ ಅದನ್ನು ನೋಡುತ್ತಿದ್ದ ಮೊಮ್ಮಗಳು ಮೊದಲ ಸಲ ಅದನ್ನು ಬೆರಗು ಎಂದು ಕರೆದಿದ್ದಳು. ಸುಕನ್ಯಾ ತಾಯಿಯ ಕಡೆ ತಿರುಗಿದಳು.

"ಮತ್ತ ನಿನಗ, ಯವ್ವಾ? ನಿನಗ ಯಾರಿಂದ ಉಪಕಾರ ಆಗೈತಿ?"

"ಗೌಡ್ರ ಜೀಪು," ಎಂದಳು ಜೋಗಮ್ಮ, ತಾಟಿನಿಂದ ಕಣ್ಣೆತ್ತದೆ. "ಅವತ್ತು ಗೌಡ್ರ ಜೀಪು ಬರಲಿಲ್ಲಂದ್ರ ನಾ ಉಳೀತಿದ್ದಿಲ್ಲ."

ಈ ಮಾತನ್ನು ಸುಕನ್ಯಾ ಬಾಲ್ಯದಿಂದ ಕೇಳಿದ್ದಳು. ಅವಳ ಅಪ್ಪ ವಿರೂಪಾಕ್ಷಪ್ಪ ಬದುಕಿರುವವರೆಗೆ ಪ್ರತಿ ವರ್ಷ ಯುಗಾದಿಯ ದಿನ ಹೆಂಡತಿ ಮಗಳನ್ನು ಕರೆದುಕೊಂಡು ಗೌಡರ ಮನೆಯ ಕಟ್ಟೆಯ ಕೆಳಗೆ ಹೋಗಿ ನಿಲ್ಲುತ್ತಿದ್ದ. ದೊಡ್ಡ ಗೌಡರು ಹೊರಗೆ ಬಂದು, "ಹೆಂಗದೀಯಬೇ ಜೋಗಿ, ಜೀಪು ನೆನಪೈತಿಲ್ಲೋ," ಎಂದು ನಗುತ್ತಿದ್ದರು. ಅಪ್ಪ ಕೈಮುಗಿಯುತ್ತಿದ್ದ. ಅವ್ವ ಮುಗಿಯಲು ಆಗದೆ ಎಡಗೈಯನ್ನು ಹಣೆಗೆ ಹಚ್ಚುತ್ತಿದ್ದಳು. ಆಮೇಲೆ ಹೋಳಿಗೆಯ ಗಂಟು ಕೈಗೆ ಬರುತ್ತಿತ್ತು.

ಸುಕನ್ಯಾ ಈ ಎಲ್ಲವನ್ನೂ ಸೇರಿಸಿ ಶಿಕ್ಷಕರ ಪತ್ರಿಕೆಯೊಂದಕ್ಕೆ ಎರಡು ಪುಟದ ಲೇಖನ ಬರೆದಳು. ಬೆಳ್ಳಕ್ಕಿ, ಅಕ್ಕಿಯ ಹಳ್ಳು, ಅಡುಗೆಯವಳು, ಒಂದೇ ಕೈಯ ಜಡೆ, ಕೊನೆಯಲ್ಲಿ ಜೀಪು. ಕೈ ಕಳೆದುಕೊಂಡ ಹೆಣ್ಣುಮಗಳೊಬ್ಬಳು ಮೂವತ್ತು ವರ್ಷ ಒಂದು ಜೀಪನ್ನು ನೆನೆಯುತ್ತಾಳೆ, ನಾವು ಏನನ್ನು ನೆನೆಯುತ್ತೇವೆ ಎಂದು ಮುಗಿಸಿದಳು. ಲೇಖನವನ್ನು ಬಹಳ ಜನ ಮೊಬೈಲಿನಲ್ಲಿ ಹಂಚಿಕೊಂಡರು. ಹಂಚಿಕೊಳ್ಳುತ್ತ ಅದು ಮಲ್ಲೇಶಗೌಡರ ತನಕ ಹೋಯಿತು.

ಮಲ್ಲೇಶಗೌಡರು ತೀರಿಹೋದ ದೊಡ್ಡ ಗೌಡರ ಮಗ. ಸಿಂಧನೂರಿನಲ್ಲೇ ಮನೆ ಮಾಡಿ, ತಂದೆಯ ಹೆಸರಿನಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದರು. ಒಂದು ಸಂಜೆ ಅವರೇ ಸುಕನ್ಯಾಳ ಮನೆಗೆ ಬಂದರು. ಅವರ ಮನೆಯವರು ಈ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಗೋಡೆಯ ಬುದ್ಧನ ಚಿತ್ರದ ಕೆಳಗಿನ ಕುರ್ಚಿಯಲ್ಲಿ ಕೂತು, ಸುಕನ್ಯಾ ಕೊಟ್ಟ ಚಹಾವನ್ನೂ ಕುಡಿದರು.

"ಅಪ್ಪಾರ ಪುಣ್ಯತಿಥಿಗೆ ವರ್ಷಾ ಕಾರ್ಯಕ್ರಮ ಮಾಡ್ತೀವಿ, ಟೀಚರ್. ಈ ಸಲ ಕೃತಜ್ಞತಾ ಸಮಾರಂಭ ಅಂತ ಹೆಸರಿಟ್ಟೀವಿ. ನಿಮಗ ಸನ್ಮಾನ. ಜೋಗಮ್ಮನ ಸ್ಟೇಜ್ ಮ್ಯಾಲೆ ಕುಂದ್ರಸ್ತೀವಿ. ಎರಡು ಮಾತು ಹೇಳಿದ್ರ ಸಾಕು." ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುದುಕಿಯ ಕಡೆ ತಿರುಗಿ, "ಬರ್ತಿಯಲ್ಲಬೇ?" ಎಂದರು.

"ಬರ್ತೀನ್ರಿ ಸಣ್ಣ ಗೌಡ್ರ," ಎಂದಳು ಜೋಗಮ್ಮ.

ಆಮೇಲೆ ನಾಲ್ಕು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಜನರೆದುರು ಮಾತಾಡುವ ಅಂಜಿಕೆಯಿರಬೇಕೆಂದು ಸುಕನ್ಯಾ ಅಂದುಕೊಂಡಳು. ಎರಡು ಮಾತು ಏನು ಹೇಳಬೇಕೆಂದು ಕಲಿಸಲೂ ಹೋದಳು. "ನನಗ ಗೊತ್ತೈತಿ ಬಿಡು," ಎಂದಷ್ಟೇ ಹೇಳಿ ಜೋಗಮ್ಮ ಎದ್ದುಹೋದಳು.

ಕಲ್ಯಾಣಮಂಟಪದಲ್ಲಿ ನಾಲ್ಕುನೂರು ಜನ ಸೇರಿದ್ದರು. ಒಂದು ಮೂಲೆಯಲ್ಲಿ ಊಟದ ತಯಾರಿಯ ಸದ್ದು, ತಲೆಯ ಮೇಲೆ ದೊಡ್ಡ ದೊಡ್ಡ ಫ್ಯಾನುಗಳ ಸದ್ದು. ವೇದಿಕೆಯ ಮೇಲೆ ದೊಡ್ಡ ಗೌಡರ ಆಳೆತ್ತರದ ಫೋಟೋ ಇತ್ತು. ಮಲ್ಲೇಶಗೌಡರು ಮೈಕು ಹಿಡಿದು ಹೇಳಿದರು:

"ಇವತ್ತಿನ ದಿನಮಾನದಾಗ ಉಪಕಾರ ನೆನೆಯವ್ರು ಯಾರದಾರ ಹೇಳ್ರಿ. ಈ ತಾಯಿ ನಮ್ಮ ಹೊಲದಾಗ ಕೂಲಿ ಮಾಡಾಕಿ. ಆಕಿನ ಕೈ ಹೋದಾಗ ನಮ್ಮಪ್ಪಾರು ತಮ್ಮ ಜೀಪಿನಾಗ ಹಾಕ್ಕೊಂಡು ದವಾಖಾನಿಗೆ ಒಯ್ದು ಜೀವಾ ಉಳಿಸಿದ್ರು. ಆಕಿ ಮಗಳಿಗೆ ಹಾಸ್ಟೆಲ್ ಸೀಟು ಕೊಡಿಸಿದ್ರು. ಇವತ್ತು ಆ ಮಗಳು ಟೀಚರ್. ನಿಮ್ಮ ಮಕ್ಕಳಿಗೆ ಕೃತಜ್ಞತಾ ಕಲಸಾಕತ್ಯಾಳ."

ಚಪ್ಪಾಳೆಯಾಯಿತು. ಜೋಗಮ್ಮನಿಗೆ ಶಾಲು ಹೊದಿಸಿದರು. ನಿರೂಪಕ ಅವಳ ಬಾಯಿಯ ಹತ್ತಿರ ಮೈಕು ಹಿಡಿದ. ಅವಳು ಜನರ ಕಡೆ ನೋಡಲಿಲ್ಲ, ಮೈಕಿನ ಕಡೆಯೇ ನೋಡುತ್ತ ರೇಷನ್ ಸಾಮಾನಿನ ಹೆಸರು ಹೇಳುವವಳ ಹಾಗೆ ಹೇಳಿದಳು:

"ಗೌಡ್ರು ಜೀಪಿಂದು ಹೇಳಿದ್ರು. ಜೀಪು ಬಂತ್ರಿ. ಮರುದಿನ ಬಂತು. ಕೈ ಹೋದ ದಿನ ನನ್ನ ದವಾಖಾನಿಗೆ ತಂದವ ನಬೀಸಾಬ್. ಟ್ರ್ಯಾಕ್ಟರ್ ಡ್ರೈವರ್. ತನ್ನ ಹೆಗಲ ಮ್ಯಾಲಿನ ವಲ್ಲಿ ಹರಿದು ನನ್ನ ಕೈಗೆ ಕಟ್ಟಿದ. ಅವನ ಮ್ಯಾಲೆ ನಾ ಸುಳ್ಳು ಹೇಳೀನ್ರಿ. ಪೊಲೀಸರ ಮುಂದನೂ ಹೇಳೀನಿ, ಕೋರ್ಟಿನಾಗೂ ಹೇಳೀನಿ."

ಮುಂದಿನ ಸಾಲಿನ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನವರಿಗೆ ಫ್ಯಾನಿನ ಸದ್ದಿನಲ್ಲಿ ಏನೂ ಸರಿಯಾಗಿ ಕೇಳಿಸಲಿಲ್ಲ. ನಿರೂಪಕ ಮೈಕನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ.

"ತಾಯಿಯ ಗಂಟಲು ತುಂಬಿ ಬಂದಿದೆ. ಆ ಜೀಪಿನ ಉಪಕಾರವನ್ನು ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡ ಜೀವ ಇದು. ಈ ತಾಯಿಗೆ ದೊಡ್ಡದೊಂದು ಚಪ್ಪಾಳೆ."

ದೊಡ್ಡ ಚಪ್ಪಾಳೆಯೇ ಆಯಿತು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಮಲ್ಲೇಶಗೌಡರು ನಗುತ್ತಲೇ ಜೋಗಮ್ಮನ ಪಕ್ಕಕ್ಕೆ ಬಗ್ಗಿ, ಸುಕನ್ಯಾಗೂ ಕೇಳುವಷ್ಟು ದನಿಯಲ್ಲಿ, "ಅಪ್ಪಾರು ಸತ್ತು ಹೋಗ್ಯಾರ. ಈಗ್ಯಾಕಬೇ ಇದು," ಎಂದರು. ಅಷ್ಟರಲ್ಲಿ ಫೋಟೋದವನು ಎಲ್ಲರೂ ಇತ್ತ ನೋಡಿರೆಂದ. ಅವರು ನೆಟ್ಟಗೆ ನಿಂತರು.

ಮನೆಗೆ ಬಂದ ಮೇಲೆ ಸುಕನ್ಯಾ ಮಗಳನ್ನು ಪಕ್ಕದ ಮನೆಗೆ ಆಡಲು ಕಳಿಸಿ, ತಾಯಿಯ ಎದುರು ಕೂತಳು.

"ಯವ್ವಾ, ಅಲ್ಲಿ ಹೇಳಿದ್ದು ಏನದು?"

"ನೀ ಕೇಳಿದಿ. ಅವರಿಗೇ ಕೇಳಿಸಲಿಲ್ಲ."

"ನನಗ ಮೊದಲಿಂದ ಹೇಳು."

ಜೋಗಮ್ಮ ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು. ಮಷೀನಿನ ಬಾಯಿಗೆ ತಗಡಿನ ಒಂದು ಗೂಡು ಇತ್ತು, ಕೈ ಒಳಗೆ ಹೋಗದ ಹಾಗೆ. ಅದಿದ್ದರೆ ತೆನೆ ನಿಧಾನ ಹೋಗುತ್ತದೆಂದು ದೊಡ್ಡ ಗೌಡರು ಬಿಚ್ಚಿಸಿದರು. ನಬೀಸಾಬ್ ಬೇಡವೆಂದ. ಕೂಲಿಯವರೆದುರು ಗೌಡರಿಗೆ ಎದುರು ಮಾತಾಡಿದನೆಂದು ಬೈಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಕೈ ಸಿಕ್ಕಿತು. ಜೀಪು ಅಲ್ಲೇ ಬದುವಿನ ಮೇಲೆ ನಿಂತಿತ್ತು. ಗೌಡರು ಮದುವೆಯೊಂದಕ್ಕೆ ಹೊರಟಿದ್ದರು. ಸೀಟು ರಕ್ತವಾಗುತ್ತದೆಂದು ಬಾಯಿಬಿಟ್ಟು ಹೇಳಲಿಲ್ಲ. "ಬಂಡಿ ಕಟ್ರಿ," ಎಂದರು. ನಬೀಸಾಬ್ ಯಾರನ್ನೂ ಕೇಳದೆ, ಮಷೀನು ಓಡಿಸುತ್ತಿದ್ದ ಟ್ರ್ಯಾಕ್ಟರಿನ ಬೆಲ್ಟು ಬಿಚ್ಚಿ, ಅವಳನ್ನು ಅದರ ಮೇಲೆ ಹತ್ತಿಸಿಕೊಂಡ.

"ನಿಮ್ಮಪ್ಪ ನನ್ನ ಮಡ್‌ಗಾರ್ಡಿನ ಮ್ಯಾಲೆ ಹಿಡಕೊಂಡು ಕುಂತಿದ್ದ. ನಬಿಯಣ್ಣ ದಾರಿ ತುಂಬಾ ತಿರುಗಿ ತಿರುಗಿ ನೋಡಾಕತ್ತಿದ್ದ. 'ಕಣ್ಣು ಮುಚ್ಚಬ್ಯಾಡ ತಂಗೀ, ಮಾತಾಡು, ನಿನ್ನ ಮಗಳ ಹೆಸರೇನು ಹೇಳು' ಅಂತಿದ್ದ. ನಿನ್ನ ಹೆಸರು ಅವಗ ಗೊತ್ತಿತ್ತು. ಮತ್ತ ಮತ್ತ ಕೇಳ್ತಿದ್ದ. ಸಿಂಧನೂರು ಬರೂತನಕ ನಿನ್ನ ಹೆಸರು ಹೇಳಿಕೋತ ಬಂದೀನಿ."

ಮರುದಿನ ಸಿಂಧನೂರಿನಿಂದ ಲಿಂಗಸುಗೂರಿನ ಡಾಕ್ಟರ ಹತ್ತಿರ ಒಯ್ಯಬೇಕೆಂದಾಗ ಗೌಡರ ಜೀಪು ಬಂತು. ಅದರ ಹಿಂದೆಯೇ ಒಬ್ಬ ಪೊಲೀಸ್ ಜಮಾದಾರನೂ ಬಂದ. ಮಂಚದ ಮೇಲೆ ಮಲಗಿದ್ದವಳಿಗೆ ಒಂದು ಕಾಗದ ಓದಿ ಹೇಳಿದರು. ಡ್ರೈವರ್ ನಬೀಸಾಬ್ ನೋಡದೆ ಮಷೀನು ಜೋರು ಓಡಿಸಿದ್ದರಿಂದ ಹೀಗಾಯಿತೆಂದು ಬರೆದಿತ್ತು. ವಿರೂಪಾಕ್ಷಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಆ ಊರಿನಲ್ಲಿ ಅವರಿಗೆ ಮನೆ ಗೌಡರ ಜಾಗದಲ್ಲಿತ್ತು, ಕೆಲಸ ಗೌಡರ ಹೊಲದಲ್ಲಿತ್ತು.

"ಹೆಬ್ಬೆಟ್ಟು ಒತ್ತಿದೆ. ಉಳಿದಿದ್ದು ಎಡಗೈ ಒಂದ. ಅದು ಮಾಡಿದ ಮೊದಲನೇ ಕೆಲಸ ಅದು."

"ಕೋರ್ಟಿನಾಗ?"

"ವಕೀಲ ಕೇಳಿದ, ಮಷೀನು ಜೋರು ಓಡಿಸಿದವ ಇವನ ಏನು ಅಂತ. ನಾ ಹೌದ್ರಿ ಅಂದೆ. ನಬಿಯಣ್ಣ ನನ್ನ ಕಡಿ ನೋಡಿದ. ಸಿಟ್ಟಿಲೆ ನೋಡಲಿಲ್ಲ, ಸುಕನ್ಯಾ. ನನಗ ಕೈ ಬ್ಯಾನಿ ಆಗಾಕತ್ತೈತೇನೋ ಅನ್ನೂ ಹಂಗ ನೋಡಿದ."

ಸುಕನ್ಯಾ ಎದ್ದು ಫ್ಯಾನು ಹಾಕಿ ಬಂದು ಕೂತಳು. ಆಮೇಲೆ, "ನನ್ನ ಹಾಸ್ಟೆಲ್ ಸೀಟು?" ಎಂದಳು.

"ಕೋರ್ಟು ಮುಗಿದ ಮರುವಾರ ದೊಡ್ಡ ಗೌಡ್ರು ಚೀಟಿ ಬರದು ಕೊಟ್ರು."

ಆ ಹಾಸ್ಟೆಲಿನಲ್ಲಿ ಸುಕನ್ಯಾ ಓದಿದಳು. ಅಲ್ಲಿಂದ ಟಿ.ಸಿ.ಎಚ್., ಅಲ್ಲಿಂದ ನೌಕರಿ, ಈ ಮನೆ, ಈ ಫ್ಯಾನು, ಮಗಳ ಶಾಲೆ. ಹಿಂದಕ್ಕೆ ನಡೆದುಕೊಂಡು ಹೋದರೆ ಎಲ್ಲವೂ ಒಂದು ಮಂಚದ ಹತ್ತಿರ ಹೋಗಿ ನಿಲ್ಲುತ್ತಿದ್ದವು. ಅವಳಿಗೆ ತಾಯಿಯ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅನ್ನುವುದಕ್ಕಿಂತ, ಈಗ ಯಾಕೆ ಹೇಳಿದಳು ಅನ್ನುವುದಕ್ಕೆ ಹೆಚ್ಚು ಸಿಟ್ಟು ಬಂತು.

"ಮತ್ತ ದಿನಾ ಊಟಕ್ಕ ಕುಂತು ಜೀಪು ಜೀಪು ಅಂತ ಯಾಕ ಹೇಳ್ತಿದ್ದಿ? ನಾ ಅದನ್ನ ಬರದು ಊರಿಗೆಲ್ಲಾ ಹಂಚೀನಿ."

"ಮೂವತ್ತು ವರ್ಷ ಅದನ್ನ ಅಂದು ಅಂದು ಬಾಯಿಗೆ ರೂಢಿ ಆಗಿತ್ತು. ನೀ ಉಪಕಾರ ಅಂತ ಕೇಳಿದಿ, ಬಾಯಿ ಅದನ್ನ ಅಂತು. ಅದು ಉಪಕಾರ ಅಲ್ಲ, ಅಂಜಿಕಿ. ನನಗೂ ಅದು ಗೊತ್ತಾಗಿದ್ದು, ನೀ ದಿನಾ ಕೇಳಾಕತ್ತಿದ ಮ್ಯಾಲೆ." ಜೋಗಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡು ಹೇಳಿದಳು: "ನಿನ್ನ ಮಗಳು ನನ್ನ ಜಡಿ ಹಾಕೂ ಕೈ ನೋಡಿ ಏನೋ ದೊಡ್ಡದು ಅನ್ನೂ ಹಂಗ ಮಾತಾಡಿದ್ಲು. ಆ ಕೈ ಏನೇನ ಮಾಡೈತಿ ಅಂತ ಆಕಿಗೆ ಗೊತ್ತಿಲ್ಲ."

ಮರುದಿನದ ಪತ್ರಿಕೆಯಲ್ಲಿ ಮೂರು ಕಾಲಮಿನ ಫೋಟೋ ಬಂದಿತ್ತು. ಶಾಲು ಹೊದ್ದ ಜೋಗಮ್ಮ, ಪಕ್ಕದಲ್ಲಿ ಮಲ್ಲೇಶಗೌಡರು, ಹಿಂದೆ ದೊಡ್ಡ ಗೌಡರ ಫೋಟೋ. ‘ಗೌಡರ ಉಪಕಾರ ನೆನೆದು ಕಣ್ಣೀರಾದ ಜೋಗಮ್ಮ’ ಎಂದು ತಲೆಬರಹ. ಸುಕನ್ಯಾ ವರದಿಗಾರನಿಗೆ ಫೋನ್ ಮಾಡಿ, ತಾಯಿ ಹೇಳಿದ್ದು ಬೇರೆ ಎಂದಳು. ಅವನು ನಯವಾಗಿಯೇ ಮಾತಾಡಿದ. "ನಾನು ಊಟದ ಹಾಲ್‌ನಾಗ ಇದ್ದೆ ಮೇಡಂ, ಟ್ರಸ್ಟಿನವರು ಕಳಿಸಿದ್ದನ್ನ ಹಾಕೀವಿ. ಹಳೇ ಕೇಸು ನೋಡ್ರಿ, ದಾಖಲೆ ಏನಾರ ಇದ್ರ ಕೊಡ್ರಿ, ನೋಡೋಣು." ದಾಖಲೆಯಲ್ಲಿ ಇದ್ದದ್ದು ಜೋಗಮ್ಮನ ಹೆಬ್ಬೆಟ್ಟೇ.

ಶಾಲೆಯಲ್ಲಿ ಆ ವಾರ ಸುಕನ್ಯಾ ಮಕ್ಕಳಿಗೆ ಎರಡನೆಯ ಪ್ರಶ್ನೆ ಕೇಳಲಿಲ್ಲ. ಬೇವಿನ ಗಿಡದ ಕೆಳಗೆ ಕೂತ ಮಕ್ಕಳು ಕಾದರು. ಅಮರೇಶ್ವರಿ ಎದ್ದು, "ಟೀಚರ್, ಉಪಕಾರ ಕೇಳಲಿಲ್ರಿ," ಎಂದಳು. "ಇವತ್ತು ಹೊತ್ತಾಗೈತಿ," ಎಂದು ಅವಳು ಹಾಜರಿ ಪುಸ್ತಕ ತೆರೆದಳು.

ಶುಕ್ರವಾರ ಜೋಗಮ್ಮ, "ಆಯಿತವಾರ ಮಸ್ಕಿಗೆ ಹೋಗಬೇಕು," ಎಂದಳು.

"ಮಸ್ಕಿಯಾಗ ಯಾರದಾರ?"

"ನಬಿಯಣ್ಣ. ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಪಂಚರ್ ಅಂಗಡಿ ಹಾಕ್ಯಾನ."

"ನಿನಗ ಹೆಂಗ ಗೊತ್ತು?"

"ನಿಮ್ಮಪ್ಪನ ಸಂಗಾಟ ಲಿಂಗಸುಗೂರು ದವಾಖಾನಿಗೆ ಹೋಗಿಬರೂ ಮುಂದ ಬಸ್ಸು ಅಲ್ಲಿ ನಿಲ್ತಿತ್ತು. ಮೊದಲು ಮರದ ಕೆಳಗ ಕುಂದ್ರತಿದ್ದ. ಆಮ್ಯಾಲೆ ತಗಡಿನ ಡಬ್ಬಿ ಅಂಗಡಿ ಆತು. ಗಡ್ಡ ಬೆಳ್ಳಗಾತು. ಎಲ್ಲಾ ನೋಡೀನಿ, ಸೆರಗು ಮುಖದ ಮ್ಯಾಲೆ ಎಳಕೊಂಡು."

ಭಾನುವಾರ ಅವರಿಬ್ಬರೂ ಲಿಂಗಸುಗೂರಿನ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಬಿಸಿಲು ಏರಿತ್ತು. ಗುಡ್ಡದ ಬಂಡೆಗಳು ಕಾದು ಬೆಳ್ಳಗೆ ಕಾಣುತ್ತಿದ್ದವು. ಅಂಗಡಿಯ ಮುಂದೆ ಹಳೆಯ ಟಯರುಗಳ ಸಾಲು, ನೀರಿನ ತೊಟ್ಟಿ, ಗಾಳಿಯ ಪಂಪು. ಅರವತ್ತೈದು ದಾಟಿದ ಒಬ್ಬ ತೆಳ್ಳನೆಯ ಮನುಷ್ಯ ನೆಲದ ಮೇಲೆ ಕೂತು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ನೆರಳು ಬಿದ್ದದ್ದಕ್ಕೆ ತಲೆಯೆತ್ತಿದ. ಮೊದಲು ಮುಖ ನೋಡಿದ, ಆಮೇಲೆ ಸೆರಗಿನೊಳಗಿನ ಬಲಗೈ ಕಡೆ ನೋಡಿದ.

"ಬರ್ರಿ," ಎಂದ. ಸುಕನ್ಯಾಗೆ ಸ್ಟೂಲು ಕೊಟ್ಟ. ಜೋಗಮ್ಮ ಟಯರಿನ ಮೇಲೆ ಕೂತಳು.

"ಪೇಪರ್‌ನಾಗ ನೋಡಿದೆ, ಜೋಗಮ್ಮ. ಶಾಲು ಹೊಚ್ಚಿಕೊಂಡು ನಿಂತಿದ್ದಿ. ನನ್ನ ಮೊಮ್ಮಗಳು ಓದಿ ಹೇಳಿದ್ಲು."

"ಅದು ಖರೇ ಅಲ್ಲರೀ, ಕಾಕಾ," ಎಂದಳು ಸುಕನ್ಯಾ. "ನಮ್ಮವ್ವ ಅಲ್ಲಿ ಬ್ಯಾರೇನ ಹೇಳ್ಯಾಳ. ನಿಮ್ಮ ಹೆಸರು ಹೇಳ್ಯಾಳ. ನಿಮ್ಮ ಮ್ಯಾಲೆ ಸುಳ್ಳು ಹೇಳಿದ್ದು ಅಂತ ನಾಲ್ಕುನೂರು ಮಂದಿ ಮುಂದ ಹೇಳ್ಯಾಳ."

"ಇರಬಹುದ್ರಿ ಟೀಚರ್. ಪೇಪರ್‌ನಾಗ ಬಂದಿಲ್ಲಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪಕ್ಕದ ಹೋಟೆಲಿಗೆ ಕೈಮಾಡಿ ಮೂರು ಚಹಾ ಎಂದು ಬೆರಳು ತೋರಿಸಿದ. ಜೋಗಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಹೇಳಿದಳು.

"ನಬಿಯಣ್ಣಾ, ಅವತ್ತು ನೀ ಟ್ರ್ಯಾಕ್ಟರ್ ಬಿಚ್ಚಲಿಲ್ಲಂದ್ರ ನಾ ಇಲ್ಲ. ನಿನ್ನ ಉಪಕಾರ ನಾ ಒಂದು ದಿನಾನೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಾಕ ಬಂದೀನಿ."

ನಬೀಸಾಬ್ ಟ್ಯೂಬಿನ ತೂತಿಗೆ ಸೀಮೆಸುಣ್ಣದಿಂದ ಗುರುತು ಮಾಡಿದ. ಒರೆಸಿ, ಒಣಗಲು ಇಟ್ಟ.

"ಅವತ್ತು ನಿನ್ನ ತಂದಿದ್ದು ನನಗ ಈಗ ಅಷ್ಟು ನೆನಪಿಲ್ಲ, ಜೋಗಮ್ಮ. ರಾಶಿ, ಧೂಳು, ಏನೋ ಓಡಿದ್ವಿ. ಯಾರಿದ್ರೂ ಓಡ್ತಿದ್ರು. ಕೋರ್ಟಿನಾಗ ನೀ ಹೌದ್ರಿ ಅಂದಿದ್ದು ನೆನಪೈತಿ. ನಿನ್ನ ದನಿ ನೆನಪೈತಿ. ಎರಡು ತಿಂಗಳು ಒಳಗಿದ್ದೆ. ನಮ್ಮಪ್ಪ ತೀರಿಕೊಂಡ, ಮಣ್ಣಿಗೆ ಬರಾಕ ಆಗಲಿಲ್ಲ. ಲೈಸೆನ್ಸ್ ಕಸಗೊಂಡ್ರು. ಮತ್ತ ಸ್ಟೇರಿಂಗ್ ಹಿಡೀಲಿಲ್ಲ ನಾ. ಹಿಂಗ ಮಂದಿ ಗಾಡಿಗೆ ಗಾಳಿ ಹಾಕ್ಕೋತ ಕುಂತೀನಿ."

"ನನ್ನ ತಪ್ಪು," ಎಂದಳು ಜೋಗಮ್ಮ.

"ನಿನ್ನ ತಪ್ಪು ಅಂತ ಹೆಂಗ ಹೇಳಲಿ? ಗೌಡ್ರು ಹೇಳಿದ್ರು, ನೀ ಒತ್ತಿದಿ. ನನಗ ಅದು ಗೊತ್ತು. ಗೊತ್ತಿದ್ರೂ ಆ ಉರಿ ಹೋಗಲಿಲ್ಲ ನನ್ನಿಂದ." ಅವನು ಎದೆಯ ಮೇಲೆ ಕೈಯಿಟ್ಟು ತೆಗೆದ. "ವಿರೂಪಾಕ್ಷಿ ಒಂದ ಸಲನಾದ್ರೂ ಬರ್ತಾನ ಅಂದುಕೊಂಡಿದ್ದೆ. ಬಾಜೂಕ ಕುಂತು ಟ್ರ್ಯಾಕ್ಟರಿನ ಮ್ಯಾಲೆ ಬಂದವ. ಬರಲಿಲ್ಲ. ಅವನೂ ಸತ್ತ ಅಂತ ಕೇಳಿದೆ."

ಚಹಾ ಬಂತು. ಸುಕನ್ಯಾ ಕುಡಿಯಲಿಲ್ಲ. ತನ್ನ ಹಾಸ್ಟೆಲಿನ ಚೀಟಿಯ ಮಾತನ್ನು ಹೇಳಬೇಕೋ ಬೇಡವೋ ತಿಳಿಯದೆ ಲೋಟವನ್ನು ಹಿಡಿದುಕೊಂಡೇ ಇದ್ದಳು. ನಬೀಸಾಬನೇ ಅವಳನ್ನು ಕೇಳಿದ.

"ನೀವ ಅಲ್ಲೇನ್ರಿ ಸುಕನ್ಯಾ ಅಂದ್ರ?"

"ಹೌದ್ರಿ."

"ಹ್ಞಾಂ," ಎಂದ. ಸ್ವಲ್ಪ ಹೊತ್ತು ಅವಳನ್ನು ನೋಡಿದ. ಅಷ್ಟು ನೆನಪಿಲ್ಲ ಎಂದಿದ್ದು ಸುಳ್ಳೆಂದು ಅವಳಿಗೆ ಆಗ ತಿಳಿಯಿತು.

ಆಮೇಲೆ ಅವನು ಜೋಗಮ್ಮನಿಗೆ, "ಕೈ ತೋರಿಸು," ಎಂದ. ಅವಳು ಸೆರಗು ಸರಿಸಿದಳು. ಮೊಣಕೈಯ ಕೆಳಗೆ ಚರ್ಮ ಕೂಡಿಕೊಂಡು, ನಯವಾಗಿ, ಮಕ್ಕಳ ಹಿಮ್ಮಡಿಯ ಹಾಗೆ ಇತ್ತು. ಅವನು ಮುಟ್ಟಲಿಲ್ಲ. ಬಗ್ಗಿ ನೋಡಿದ, ಪಕ್ಕಕ್ಕೆ ಸರಿದು ಇನ್ನೊಂದು ಕಡೆಯಿಂದಲೂ ನೋಡಿದ. ಮೂವತ್ತು ವರ್ಷದ ಹಿಂದೆ ತನ್ನ ವಲ್ಲಿ ಸುತ್ತಿದ್ದ ಗಾಯ ಏನಾಯಿತೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

"ಚಲೋ ಮಾಗೈತಿ," ಎಂದ.

ಜೋಗಮ್ಮ ಆಗ ಅತ್ತಳು. ವೇದಿಕೆಯ ಮೇಲೆ ಅಳದವಳು ಟಯರಿನ ಮೇಲೆ ಕೂತು ಸದ್ದಿಲ್ಲದೆ ಅತ್ತಳು. ನಬೀಸಾಬ್ ಎದ್ದು ಅವಳಿಗೂ ರಸ್ತೆಗೂ ನಡುವೆ ಬೆನ್ನು ಮಾಡಿ ನಿಂತ, ಹೋಗುವವರು ನೋಡದ ಹಾಗೆ. ಅಷ್ಟರಲ್ಲಿ ಮೋಟಾರ್ ಸೈಕಲ್ ತಳ್ಳಿಕೊಂಡು ಒಬ್ಬರು ಬಂದರು. ಅವನು ಮತ್ತೆ ಕೆಲಸಕ್ಕೆ ಕೂತ. ಅವನ ಬೆರಳುಗಳು ಟಯರನ್ನು ಬಿಡಿಸಿ, ಟ್ಯೂಬು ಎಳೆದು, ನೋವಿರುವ ಜಾಗ ಹುಡುಕುವ ಹಾಗೆ ಅದರ ಉದ್ದಕ್ಕೂ ಓಡಾಡುವುದನ್ನು ತಾಯಿ ಮಗಳು ನೋಡುತ್ತ ಕೂತರು. ಆ ಗಾಡಿಯೂ ಹೋಯಿತು.

ಸಿಂಧನೂರಿನ ಬಸ್ಸು ದೂರದಲ್ಲಿ ಕಂಡಾಗ ಜೋಗಮ್ಮ ಎದ್ದು ಮುಂದೆ ಹೋದಳು. ಸುಕನ್ಯಾ ಚಹಾದ ದುಡ್ಡು ಕೊಡಲು ಪರ್ಸು ತೆಗೆದಳು. ನಬೀಸಾಬ್ ಬೇಡವೆಂದು ಕೈಯಾಡಿಸಿ, ಅವಳ ಹತ್ತಿರ ಬಂದ.

"ಟೀಚರ್, ಒಂದು ಮಾತು. ಆಕಿನ ಮತ್ತ ಕರಕೊಂಡು ಬರಬ್ಯಾಡ್ರಿ."

"ಸಿಟ್ಟು ಬಂತೇನ್ರಿ ಕಾಕಾ?"

"ಇಲ್ಲ. ಇನ್ನೊಮ್ಮೆ ಬಂದ್ರ ನಾ ಮಾಫ್ ಮಾಡಿಬಿಡ್ತೀನಿ. ಇವತ್ತ ಆಗಿಬಿಡ್ತಿತ್ತು, ಆ ಕೈ ನೋಡಿ." ಅವನು ರಸ್ತೆಯ ಕಡೆ ನೋಡುತ್ತ ಹೇಳಿದ. "ನನ್ನದಂತ ಉಳಿದಿದ್ದು ಆ ಉರಿ ಒಂದ ಐತ್ರಿ. ಅದನ್ನೂ ಒಯ್ದುಬಿಟ್ರ ನಾ ಏನು ಇಟ್ಟುಕೊಳ್ಳಲಿ?"

ಬಸ್ಸಿನಲ್ಲಿ ಸೀಟು ಸಿಕ್ಕಿತು. ಜೋಗಮ್ಮ ಕಿಟಕಿಯ ಪಕ್ಕ ಕೂತು, ಸೆರಗನ್ನು ಮುಖಕ್ಕೆ ಎಳೆದುಕೊಳ್ಳದೆ, ಅಂಗಡಿ ಮರೆಯಾಗುವವರೆಗೆ ಹೊರಗೆ ನೋಡಿದಳು. ಊರು ದಾಟಿದ ಮೇಲೆ ಅವಳ ಮುಖ ಹಗುರಾಗಿತ್ತು. ಎಷ್ಟೋ ವರ್ಷದ ನಂತರ ಅವಳು ಹಾಗೆ ಕಂಡದ್ದಕ್ಕೆ ಸುಕನ್ಯಾಗೆ ಸಂಕಟವೇ ಆಯಿತು.

"ಚಾ ಕುಡಿಸಿದ ನೋಡು," ಎಂದಳು ಜೋಗಮ್ಮ. "ದೊಡ್ಡ ಮನುಷ್ಯಾ. ಹಬ್ಬಕ್ಕ ಒಮ್ಮೆ ಬರೋಣು. ಅವನ ಮೊಮ್ಮಗಳಿಗೆ ಏನರ ತಗೊಂಡು. ಬರೋಣಿಲ್ಲೋ?"

ಕಂಡಕ್ಟರ್ ಬಂದು ನಿಂತಿದ್ದ. ಸುಕನ್ಯಾ ಸಿಂಧನೂರಿಗೆ ಎರಡು ಟಿಕೆಟ್ ತೆಗೆದುಕೊಂಡಳು. ಚಿಲ್ಲರೆಯನ್ನು ಪರ್ಸಿಗೆ ಹಾಕಿ, ಜಿಪ್ಪು ಎಳೆದಳು.

"ನೋಡೋಣು," ಎಂದಳು.